ಕೆನಡಾದ ಹೆದ್ದಾರಿಗೆ ಸೈನಿಕರ ಹೆಸರು ಅಂಟಿದ್ದು ಹೇಗೆ?

ಟೊರೊಂಟೊದಿಂದ ಕಿಂಗ್‌ಸ್ಟನ್ ಕಡೆಗೋ, ಥೌಸಂಡ್ ಐಲ್ಯಾಂಡ್ಸ್ ನೋಡಲೋ ಕಾರಿನಲ್ಲಿ ಹೋದ ಕನ್ನಡಿಗರು ಈ ಫಲಕವನ್ನು ನೋಡಿಯೇ ಇರುತ್ತಾರೆ. 401ನೇ ಹೆದ್ದಾರಿಯ ಬದಿಯಲ್ಲಿ ಗಸಗಸೆ ಜಾತಿಯ ಒಂದು ಕೆಂಪು ಪಾಪಿ ಹೂವು, ಜೊತೆಗೆ ‘ಹೈವೇ ಆಫ್ ಹೀರೋಸ್’ ಎಂಬ ಬರಹ. ನೂರು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಓದಿ ಮುಗಿಸುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತದೆ. ಊರಿನಿಂದ ಬಂದ ಅಪ್ಪ-ಅಮ್ಮ ಕಾರಿನಲ್ಲಿದ್ದರೆ ‘ಹೀರೋಗಳು ಅಂದ್ರೆ ಯಾರಪ್ಪಾ, ಸಿನಿಮಾದವರಾ?’ ಎಂದು ಕೇಳಿಯಾರು. ನಮ್ಮ ಕಿವಿಗೆ ಆ ಪದ ಕೇಳಿಸುವುದೇ ಹಾಗೆ, ಅಲ್ವಾ?

ಸಿನಿಮಾದವರಲ್ಲ. ಅಫ್ಘಾನಿಸ್ತಾನದಲ್ಲಿ ಸತ್ತು, ಇದೇ ರಸ್ತೆಯಲ್ಲಿ ಮನೆಗೆ ವಾಪಸಾದ ಸೈನಿಕರು.

ರಸ್ತೆಗೆ ಹೆಸರಿಡುವುದೇನು ಮಹಾ ಕೆಲಸ ಅನ್ನಿಸುತ್ತದೆ. ಒಂದು ನಿರ್ಣಯ, ಎರಡು ಫಲಕ, ಒಂದು ರಿಬ್ಬನ್, ಒಂದಷ್ಟು ಭಾಷಣ. ಆದರೆ ಇಟ್ಟ ಹೆಸರು ಜನರ ಬಾಯಿಗೆ ಬರಬೇಕಲ್ಲ? ಆ ಕಷ್ಟ ಅರ್ಥವಾಗಬೇಕಾದರೆ 401ನ್ನೇ ನೋಡಬೇಕು. ಯಾಕೆಂದರೆ ಈ ರಸ್ತೆಗೆ ಎರಡು ಹೆಸರುಗಳಿವೆ. ಒಂದು ಕಾಗದದಲ್ಲೇ ಉಳಿದಿದೆ. ಇನ್ನೊಂದು ಅಂಟಿಕೊಂಡಿದೆ.

401 ಸಣ್ಣ ರಸ್ತೆಯೇನಲ್ಲ. ಅಮೆರಿಕದ ಗಡಿಯ ವಿಂಡ್ಸರ್‌ನಿಂದ ಕ್ವಿಬೆಕ್ ಗಡಿಯವರೆಗೆ 828 ಕಿ.ಮೀ. ಉದ್ದ. ಟೊರೊಂಟೊ ಒಳಗೆ ಕೆಲವು ಕಡೆ ದಿನಕ್ಕೆ 4 ಲಕ್ಷಕ್ಕೂ ಜಾಸ್ತಿ ವಾಹನ ಓಡಾಡುತ್ತವೆ. 1965ರಲ್ಲಿ ಸರ್ಕಾರ ಇದಕ್ಕೆ ‘ಮ್ಯಾಕ್‌ಡೊನಾಲ್ಡ್-ಕಾರ್ಟಿಯೆ ಫ್ರೀವೇ’ ಎಂದು ಹೆಸರಿಟ್ಟಿತು. ಒಬ್ಬರು ದೇಶದ ಮೊದಲ ಪ್ರಧಾನಿ, ಇನ್ನೊಬ್ಬರು ಅವರ ಜೊತೆ ದೇಶ ಕಟ್ಟಿದ ಕ್ವಿಬೆಕ್‌ನ ನಾಯಕ. ಒಬ್ಬರದು ಇಂಗ್ಲಿಷ್, ಇನ್ನೊಬ್ಬರದು ಫ್ರೆಂಚ್. ತೂಕ ಸರಿಯಾಗಿದೆ, ಉದ್ದೇಶವೂ ಚೆನ್ನಾಗಿದೆ. ಆದರೆ ‘ಮ್ಯಾಕ್‌ಡೊನಾಲ್ಡ್-ಕಾರ್ಟಿಯೆಯಲ್ಲಿ ಟ್ರಾಫಿಕ್ ಜಾಮ್ ಆಗಿದೆ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಅದು ‘ಫೋರ್-ಓ-ಒನ್’, ಅಷ್ಟೇ.

ಅದೇ ರಸ್ತೆಯ ಸುಮಾರು 170 ಕಿ.ಮೀ. ತುಂಡಿಗೆ 2007ರಲ್ಲಿ ಬಂದ ಎರಡನೇ ಹೆಸರನ್ನು ಮಾತ್ರ ಜನ ತಾವಾಗಿಯೇ ಹೇಳುತ್ತಾರೆ. ಯಾಕೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆನಡಾದ ಸೈನಿಕರು ಎರಡು ಮಹಾಯುದ್ಧಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರ ಪಾರ್ಥಿವ ಶರೀರಗಳು ಮನೆಗೆ ಬರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿ ಆಗ ಇದ್ದ ನಿಯಮ ಅದು: ಸತ್ತವರನ್ನು ಸತ್ತ ನೆಲದಲ್ಲೇ ಮಣ್ಣು ಮಾಡಬೇಕು, ಸಾಹುಕಾರನ ಮಗನಾದರೂ ಬಡವನ ಮಗನಾದರೂ ಒಂದೇ ಥರದ ಕಲ್ಲು. ಕೊರಿಯಾ ಯುದ್ಧದಲ್ಲಿ ಸತ್ತವರಲ್ಲೂ ಬಹಳಷ್ಟು ಜನ ಬೂಸಾನ್‌ನ ವಿಶ್ವಸಂಸ್ಥೆ ಸ್ಮಶಾನದಲ್ಲಿದ್ದಾರೆ. ಹಾಗಾಗಿ ಕೆನಡಾದ ಊರುಗಳಲ್ಲಿ ಸ್ಮಾರಕ ಕಂಬಗಳಿದ್ದವು, ಹೆಸರುಗಳ ಪಟ್ಟಿಯಿತ್ತು, ಆದರೆ ಶವಪೆಟ್ಟಿಗೆ ಇರಲಿಲ್ಲ. ಅಂತಿಮ ಯಾತ್ರೆ ಅನ್ನುವುದೇ ಇರಲಿಲ್ಲ. 2000ನೇ ಇಸವಿಯಲ್ಲಿ ಫ್ರಾನ್ಸಿನ ವಿಮಿ ಹತ್ತಿರದ ಒಂದು ಸ್ಮಶಾನದಿಂದ ಮೊದಲ ಮಹಾಯುದ್ಧದ ಒಬ್ಬ ಅಜ್ಞಾತ ಸೈನಿಕನನ್ನು ತಂದು ರಾಜಧಾನಿ ಒಟ್ಟಾವಾದಲ್ಲಿ ಮತ್ತೆ ಮಣ್ಣು ಮಾಡಿದರು. ಎಲ್ಲರ ಪರವಾಗಿ ಒಬ್ಬ ಮನೆಗೆ ಬಂದ ಹಾಗೆ.

ನಮ್ಮಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. 1962, 65, 71ರ ಯುದ್ಧಗಳಲ್ಲಿ ಸತ್ತವರ ಅಂತ್ಯಕ್ರಿಯೆ ಬಹುಪಾಲು ಅಲ್ಲೇ ಗಡಿಯಲ್ಲಿ ಮುಗಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಟೆಲಿಗ್ರಾಂ. 1999ರ ಕಾರ್ಗಿಲ್ ಹೊತ್ತಿಗೆ ಯೋಧರ ಶರೀರಗಳನ್ನು ಹಳ್ಳಿಗಳಿಗೆ ಕಳಿಸತೊಡಗಿದರು. ತ್ರಿವರ್ಣ ಧ್ವಜ ಹೊದಿಸಿದ ಸೇನಾ ವಾಹನ, ಹಿಂದೆ ಇಡೀ ಊರು. ಇಂದು ನಮಗೆ ಅಷ್ಟು ಪರಿಚಿತವಾದ ಆ ದೃಶ್ಯಕ್ಕೆ ವಯಸ್ಸು ಜಾಸ್ತಿ ಆಗಿಲ್ಲ.

ಕೆನಡಾದಲ್ಲಿ 1970ರ ನಂತರ ನಿಯಮ ಬದಲಾಗಿತ್ತು. ಸತ್ತ ಸೈನಿಕರನ್ನು ದೇಶಕ್ಕೆ ತರಬಹುದಿತ್ತು. ಆದರೆ ಆ ನಿಯಮದ ಭಾರ ಎಷ್ಟು ಅಂತ ಜನಕ್ಕೆ ಗೊತ್ತಾಗಿದ್ದು 2002ರ ಏಪ್ರಿಲ್‌ನಲ್ಲಿ. ಕಂದಹಾರ್ ಹತ್ತಿರ ತರಬೇತಿ ನಡೆಸುತ್ತಿದ್ದ ಕೆನಡಾ ತುಕಡಿಯ ಮೇಲೆ ಅಮೆರಿಕದ ಎಫ್-16 ವಿಮಾನವೊಂದು ಶತ್ರುಗಳೆಂದು ತಪ್ಪು ತಿಳಿದು ಬಾಂಬ್ ಹಾಕಿತು. ನಾಲ್ವರು ಸತ್ತರು, ಎಂಟು ಮಂದಿಗೆ ಗಾಯವಾಯಿತು. ಆ ನಾಲ್ವರ ಶರೀರಗಳು ಒಂಟಾರಿಯೊ ಪ್ರಾಂತ್ಯದ ಟ್ರೆಂಟನ್ ವಾಯುನೆಲೆಗೆ ಬಂದವು.

ಟ್ರೆಂಟನ್‌ನಲ್ಲಿ ಇಳಿದ ಶರೀರಗಳು ನೇರವಾಗಿ ಮನೆಗೆ ಹೋಗುವುದಿಲ್ಲ. ಮೊದಲು ಮರಣೋತ್ತರ ಪರೀಕ್ಷೆ ಆಗಬೇಕು. ಅದನ್ನು ಮಾಡುವ ಪ್ರಾಂತ್ಯದ ಕೇಂದ್ರ ಇರುವುದು ಟೊರೊಂಟೊದಲ್ಲಿ. ಟ್ರೆಂಟನ್‌ನಿಂದ ಟೊರೊಂಟೊಗೆ ಇರುವ ಸಹಜವಾದ ದಾರಿ 401. ಹೀಗೆ, ಯಾರೂ ಯೋಜನೆ ಹಾಕದೆ, ಒಂದು ಆಡಳಿತಾತ್ಮಕ ಕಾರಣಕ್ಕೆ, ದೇಶದಲ್ಲೇ ಗಿಜಿಗುಡುವ ಹೆದ್ದಾರಿಯೊಂದು ಸೈನಿಕರ ಅಂತಿಮ ಯಾತ್ರೆಯ ದಾರಿಯಾಯಿತು.

ಮೊದಮೊದಲು ಸೇತುವೆಗಳ ಮೇಲೆ ನಿಂತವರು ಕೆಲವೇ ಜನ. 401ರ ಮೇಲೆ ಅಡ್ಡ ಹಾಯುವ ಮೇಲ್ಸೇತುವೆಗಳು ಈ ತುಂಡಿನಲ್ಲಿ ಸುಮಾರು ಐವತ್ತು ಇವೆ. ಕೋಬರ್ಗ್, ಪೋರ್ಟ್ ಹೋಪ್ ಅಂಥ ಸಣ್ಣ ಊರುಗಳ ಜನ ಬಂದು ಕಟಕಟೆ ಹಿಡಿದು ನಿಂತರು. ಕೆಳಗೆ ಶವವಾಹನಗಳು, ಹಿಂದೆ ಮನೆಯವರು ಕೂತ ಕಪ್ಪು ಕಾರುಗಳು, ಮುಂದೆ ಪೊಲೀಸರ ಬೆಂಗಾವಲು. ಸೇತುವೆ ಕೆಳಗೆ ಸಾಗಿಹೋಗಲು ಎಷ್ಟು ಹೊತ್ತು ಬೇಕು? ಅರೆ ನಿಮಿಷವೂ ಬೇಡ. ಅಷ್ಟಕ್ಕಾಗಿ ಜನ ಗಂಟೆಗಟ್ಟಲೆ ಕಾಯುತ್ತಿದ್ದರು. ವಿಮಾನ ತಡವಾದರೆ ಇನ್ನೂ ಜಾಸ್ತಿ. ಅಲ್ಲಿನ ಚಳಿಗಾಲದಲ್ಲಿ ಸೇತುವೆ ಮೇಲಿನ ಗಾಳಿ ಹೇಗಿರುತ್ತದೆ ಅಂತ ಅಲ್ಲಿ ಇದ್ದವರಿಗೇ ಗೊತ್ತು.

ಅಫ್ಘಾನಿಸ್ತಾನದಲ್ಲಿ ಸಾವುಗಳು ಹೆಚ್ಚಿದಂತೆ ಸೇತುವೆ ಮೇಲೆ ಜನವೂ ಹೆಚ್ಚಿದರು. ಅಗ್ನಿಶಾಮಕ ದಳದವರು ತಮ್ಮ ಕೆಂಪು ಗಾಡಿಯನ್ನು ಸೇತುವೆ ಮೇಲೆ ನಿಲ್ಲಿಸಿ ಅದರ ಮೇಲೆ ಹತ್ತಿ ಸೆಲ್ಯೂಟ್ ಹೊಡೆದರು. ಮಾಜಿ ಸೈನಿಕರು ಪದಕ ಹಾಕಿಕೊಂಡು ಬಂದರು. ಶಾಲೆ ಮಕ್ಕಳು, ಅಜ್ಜಿಯರು, ಕೆಲಸ ಮುಗಿಸಿ ಬಂದ ಪೊಲೀಸರು. ಎದುರು ಬದಿಯಲ್ಲಿ ಬರುತ್ತಿದ್ದ ಲಾರಿಗಳೂ ಬದಿಗೆ ನಿಲ್ಲುತ್ತಿದ್ದವು. ಕಾರಿನಲ್ಲಿದ್ದ ಮನೆಯವರು ಕಿಟಕಿಯಿಂದ ಕೈ ಆಚೆ ಹಾಕಿ ಬೀಸುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿ ಎರಡು ಗಂಟೆ ಕಾಲ ಒಂದಾದ ಮೇಲೊಂದು ಸೇತುವೆಯ ಕೆಳಗೆ ಹಾದು ಹೋಗುತ್ತಾಳೆ, ಪ್ರತಿಯೊಂದರ ಮೇಲೂ ಗುರುತಿಲ್ಲದ ಜನ ಬಾವುಟ ಹಿಡಿದು ನಿಂತಿದ್ದಾರೆ. ಇದನ್ನು ಯಾವ ಇಲಾಖೆಯೂ ಏರ್ಪಾಡು ಮಾಡಿರಲಿಲ್ಲ.

ಇಲಾಖೆಗಳು ಆಗ ಮಾಡುತ್ತಿದ್ದದ್ದು ಬೇರೆ. 2006ರ ಏಪ್ರಿಲ್‌ನಲ್ಲಿ ಶರೀರಗಳು ಟ್ರೆಂಟನ್‌ಗೆ ಬರುವಾಗ ಪತ್ರಕರ್ತರು ವಾಯುನೆಲೆ ಒಳಗೆ ಬರಬಾರದು ಎಂದು ಕೇಂದ್ರ ಸರ್ಕಾರ ಹೇಳಿತು. ದುಃಖ ಮನೆಯವರ ಸ್ವಂತದ್ದು ಎಂಬುದು ಕೊಟ್ಟ ಕಾರಣ. ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಅದನ್ನು ಆಯಾ ಮನೆಯವರ ಇಷ್ಟಕ್ಕೆ ಬಿಟ್ಟರು. ಆದರೆ ಗೇಟು ಮುಚ್ಚಬಹುದು, ಹೆದ್ದಾರಿಯನ್ನು ಮುಚ್ಚಲಾಗುವುದಿಲ್ಲ. ಸೇತುವೆ ಮೇಲೆ ನಿಲ್ಲಲು ಯಾರ ಪಾಸೂ ಬೇಕಾಗಿರಲಿಲ್ಲ.

2007ರ ಬೇಸಿಗೆಯಲ್ಲಿ ಟೊರೊಂಟೊದ ಪತ್ರಿಕೆಯೊಂದರ ಅಂಕಣದಲ್ಲಿ ‘ಹೈವೇ ಆಫ್ ಹೀರೋಸ್’ ಎಂಬ ಮಾತು ಬಂತು. ಅದನ್ನು ಹಿಡಿದುಕೊಂಡು ಆನ್‌ಲೈನ್ ಮನವಿ ಶುರುವಾಯಿತು, ಸಾವಿರಾರು ಜನ ಸಹಿ ಹಾಕಿದರು. ಆಗಸ್ಟ್ 24ರಂದು ಒಂಟಾರಿಯೊ ಸರ್ಕಾರ ಒಪ್ಪಿತು. ಸೆಪ್ಟೆಂಬರ್ 7ಕ್ಕೆ ಫಲಕ ಎದ್ದಿತು. ಸರ್ಕಾರಿ ಲೆಕ್ಕದಲ್ಲಿ ಇದು ಓಟ!

ಅಷ್ಟು ಬೇಗ ಹೇಗೆ ಆಯಿತು? ರಸ್ತೆ ಯಾರದು ಅನ್ನುವುದರಲ್ಲಿ ಉತ್ತರ ಇದೆ. ಕೆನಡಾದಲ್ಲಿ ಇಂಥ ಹೆದ್ದಾರಿಗಳು ಪ್ರಾಂತ್ಯಗಳ ಸೊತ್ತು. ಒಟ್ಟಾವಾದ ಅಪ್ಪಣೆ ಬೇಕಿಲ್ಲ, ನಡುವೆ ಬರುವ ಹತ್ತಾರು ಊರುಗಳ ಒಪ್ಪಿಗೆಯೂ ಬೇಕಿಲ್ಲ. ಪ್ರಾಂತ್ಯದ ಸಾರಿಗೆ ಸಚಿವಾಲಯ ಮನಸ್ಸು ಮಾಡಿದರೆ ಸಾಕು. ಇದರ ಇನ್ನೊಂದು ಮುಖವೂ ಇದೆ. ಆಗ ಶವವಾಹನಗಳು 401 ಬಿಟ್ಟು ಟೊರೊಂಟೊದ ಒಳರಸ್ತೆಗಳಿಗೆ ಇಳಿಯುತ್ತಿದ್ದವು. ಆ ರಸ್ತೆಗಳು ನಗರಸಭೆಯವು. ಹಾಗಾಗಿ ಪ್ರಾಂತ್ಯ ಇಟ್ಟ ಹೆಸರು ನಗರದ ಬಾಗಿಲಲ್ಲಿ ನಿಂತಿತು. ಆಮೇಲೆ ನಗರಸಭೆ ತನ್ನ ಪಾಲಿನ ದಾರಿಗೆ ತಾನೇ ‘ರೂಟ್ ಆಫ್ ಹೀರೋಸ್’ ಎಂದು ಹೆಸರು ಕೊಟ್ಟಿತು. ರಸ್ತೆಗೆ ಹೆಸರಿಡಬೇಕು ಅಂತ ಯಾರಾದರೂ ಹೊರಟರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಡಾಂಬರು ಯಾರದ್ದು?

ಹೆಸರು ಬಂದರೆ ಏನೇನು ಬದಲಾಗುತ್ತದೆ? ನಿಜ ಹೇಳಬೇಕೆಂದರೆ ಬಹಳ ಕಡಿಮೆ. 401 ಎಂಬ ಸಂಖ್ಯೆ ಹಾಗೇ ಇದೆ. ಎಕ್ಸಿಟ್ ಸಂಖ್ಯೆಗಳು ಹಾಗೇ ಇವೆ. ಯಾರ ಮನೆ ವಿಳಾಸವೂ ಬದಲಾಗಿಲ್ಲ. ಹಳೆಯ ಮ್ಯಾಕ್‌ಡೊನಾಲ್ಡ್-ಕಾರ್ಟಿಯೆ ಹೆಸರನ್ನೂ ತೆಗೆದಿಲ್ಲ, ಅದರ ಮೇಲೆ ಇನ್ನೊಂದು ಪದರ ಬಂದಿದೆ ಅಷ್ಟೇ. ಗೌರವದ ಹೆಸರುಗಳೆಲ್ಲ ಹೀಗೇ ಕೆಲಸ ಮಾಡುವುದು. ಅಪಘಾತವಾಗಿ ಆಂಬುಲೆನ್ಸ್‌ಗೆ ಫೋನ್ ಮಾಡುವವನಿಗೆ ಒಂದು ಸಂಖ್ಯೆ ಬೇಕು, ಮೂರು ಹೆಸರಲ್ಲ.

ಅಮೆರಿಕದಲ್ಲಿ ಇದನ್ನು ನಿಯಮವಾಗಿಯೇ ಬರೆದಿಟ್ಟಿದ್ದಾರೆ. ಅಲ್ಲಿನ ಸಂಚಾರ ಫಲಕಗಳ ರಾಷ್ಟ್ರೀಯ ಕೈಪಿಡಿ ಪ್ರಕಾರ ಸ್ಮಾರಕದ ಹೆಸರು ದಾರಿ ತೋರಿಸುವ ಫಲಕದ ಮೇಲೆ ಬರಬಾರದು. ಪ್ರತ್ಯೇಕ ಫಲಕ ಹಾಕಬಹುದು, ಅದೂ ಒಂದೊಂದು ದಿಕ್ಕಿಗೆ ಒಂದು. ಬೇರೆ ಮುಖ್ಯ ಫಲಕಗಳಿಗೆ ಅಡ್ಡ ಬರಬಾರದು. ಹೆಸರಿಡುವ ಅಧಿಕಾರ ಬಹುತೇಕ ರಾಜ್ಯದ ಶಾಸನಸಭೆಯದು. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಸದನಗಳು ಸೇರಿ ನಿರ್ಣಯ ಮಾಡುತ್ತವೆ, ಗವರ್ನರ್ ಸಹಿ ಬೇಕಿಲ್ಲ. ಫಲಕದ ಖರ್ಚನ್ನು ಮಾತ್ರ ಸರ್ಕಾರ ಕೊಡುವುದಿಲ್ಲ, ದಾನಿಗಳಿಂದ ಬರಬೇಕು. ಹೀಗಾಗಿ ಅಲ್ಲಿ ಹೆಸರಿಡುವುದು ಸುಲಭ, ಮರೆಯುವುದೂ ಸುಲಭ. ‘ವೆಟರನ್ಸ್ ಮೆಮೋರಿಯಲ್ ಹೈವೇ’ ಎಂಬ ಹೆಸರಿನ ರಸ್ತೆಗಳು ಅಲ್ಲಿ ರಾಜ್ಯಕ್ಕೊಂದರಂತೆ ಸಿಗುತ್ತವೆ. ಎಲ್ಲ ಮಾಜಿ ಸೈನಿಕರಿಗೂ ಸೇರಿದ ಹೆಸರು, ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ.

ಅಮೆರಿಕದ್ದೇ ಇನ್ನೊಂದು ಪ್ರಯತ್ನ ನನಗೆ ಇಷ್ಟ. 1944ರಲ್ಲಿ, ಇನ್ನೂ ಯುದ್ಧ ನಡೆಯುತ್ತಿದ್ದಾಗ, ನ್ಯೂಜೆರ್ಸಿಯ ತೋಟಗಾರಿಕೆ ಕ್ಲಬ್ಬುಗಳ ಹೆಂಗಸರು ಹೆದ್ದಾರಿ ಬದಿಯಲ್ಲಿ 8,000 ಡಾಗ್‌ವುಡ್ ಗಿಡಗಳನ್ನು ನೆಟ್ಟರು. ಕಲ್ಲಿನ ಸ್ಮಾರಕ ಬೇಡ, ವಸಂತದಲ್ಲಿ ಹೂ ಬಿಡುವ ದಾರಿ ಇರಲಿ ಅಂತ. ಮಗ ಸೈನ್ಯದಲ್ಲಿದ್ದರೆ ಮನೆ ಕಿಟಕಿಯಲ್ಲಿ ನೀಲಿ ನಕ್ಷತ್ರದ ಬಾವುಟ ತೂಗುಹಾಕುವ ವಾಡಿಕೆ ಅಲ್ಲಿತ್ತು. ಅದರಿಂದಲೇ ‘ಬ್ಲೂ ಸ್ಟಾರ್ ಮೆಮೋರಿಯಲ್ ಹೈವೇ’ ಹುಟ್ಟಿ ದೇಶವೆಲ್ಲ ಹಬ್ಬಿತು. 401ರ ಬದಿಯಲ್ಲೂ ಆಮೇಲೆ ಇಂಥದ್ದೇ ಕೆಲಸ ನಡೆದಿದೆ: ಕೆನಡಾ ದೇಶವಾದಾಗಿನಿಂದ ಸತ್ತ ಒಬ್ಬೊಬ್ಬ ಸೈನಿಕನಿಗೂ ಒಂದೊಂದರಂತೆ 1,17,000 ಮರ ನೆಡುವ ಗುರಿ.

ಹಾಗಾದರೆ 401ರ ಹೆಸರು ಅಂಟಿದ್ದು ಯಾಕೆ? ನನ್ನ ಪ್ರಕಾರ ಕಾರಣ ಒಂದೇ. ಆ ಸೈನಿಕರ ಕಥೆಯಲ್ಲಿ ಈ ರಸ್ತೆಗೇ ಒಂದು ಪಾತ್ರ ಇತ್ತು. ಹೆಸರನ್ನು ಬೇರೆಲ್ಲಿಂದಲೋ ತಂದು ಇಲ್ಲಿ ಅಂಟಿಸಿದ್ದಲ್ಲ. ಇಡೀ 828 ಕಿ.ಮೀ.ಗೆ ಈ ಹೆಸರು ಇಡದೆ ಒಂದು ತುಂಡಿಗೆ ಮಾತ್ರ ಇಟ್ಟಿದ್ದೂ ಅದಕ್ಕೇ. ಶವವಾಹನ ಎಲ್ಲಿಂದ ಎಲ್ಲಿಗೆ ಹೋಯಿತೋ ಅಲ್ಲಿಂದ ಅಲ್ಲಿಗೆ. ಇದಕ್ಕೆ ಪುರಾವೆ ಬೇಕೆಂದರೆ 2013 ನೋಡಿ. ಮರಣೋತ್ತರ ಪರೀಕ್ಷೆಯ ಕೇಂದ್ರ ಟೊರೊಂಟೊ ನಡುಮಧ್ಯದಿಂದ ಕೀಲ್ ಸ್ಟ್ರೀಟ್ ಹತ್ತಿರದ ಹೊಸ ಕಟ್ಟಡಕ್ಕೆ ಹೋಯಿತು. ಹಿಂದೆಯೇ ‘ಹೈವೇ ಆಫ್ ಹೀರೋಸ್’ ಕೂಡ ಪಶ್ಚಿಮಕ್ಕೆ, ಕೀಲ್ ಸ್ಟ್ರೀಟ್‌ವರೆಗೆ ಉದ್ದವಾಯಿತು.

ಆಸ್ಟ್ರೇಲಿಯಾದ ಗ್ರೇಟ್ ಓಶನ್ ರೋಡ್ ಕಥೆಯೂ ಇಂಥದ್ದೇ. ಪ್ರವಾಸಿಗರಿಗೆ ಅದು ಸಮುದ್ರದ ಪಕ್ಕದ ಚಂದದ ದಾರಿ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಸನಿಕೆ ಹಿಡಿದು ಬಂಡೆ ಕಡಿದು ಅದನ್ನು ಮಾಡಿದರು, ಸತ್ತ ತಮ್ಮ ಜೊತೆಗಾರರ ನೆನಪಿಗೆ. 243 ಕಿ.ಮೀ. ಉದ್ದದ ಆ ರಸ್ತೆಯೇ ಸ್ಮಾರಕ. ಬೇರೆ ಕಂಬ ಬೇಕಾಗಿಲ್ಲ.

ಈಗ ಬೆಂಗಳೂರಿಗೆ ಬನ್ನಿ. ಆಟೋ ಹತ್ತಿ ‘ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಗೆ ಹೋಗೋಣ’ ಅನ್ನಿ. ಡ್ರೈವರ್ ಒಮ್ಮೆ ತಿರುಗಿ ನೋಡುತ್ತಾರೆ. ‘ರೆಸಿಡೆನ್ಸಿ ರೋಡ್’ ಅಂದರೆ ಗಾಡಿ ಹೊರಡುತ್ತದೆ. ಪಕ್ಕದ ರಿಚ್ಮಂಡ್ ರೋಡ್ ದಾಖಲೆಯಲ್ಲಿ ಜನರಲ್ ತಿಮ್ಮಯ್ಯ ರಸ್ತೆ. ಕೊಡಗಿನ ಇಬ್ಬರು ಮಹಾ ದಂಡನಾಯಕರ ಹೆಸರು ಫಲಕದಲ್ಲಿದೆ, ಬಾಯಲ್ಲಿಲ್ಲ. ಇದು ಅಗೌರವವಲ್ಲ. ಆ ರಸ್ತೆಗೂ ಅವರ ಬದುಕಿಗೂ ಇರುವ ನಂಟು ಜನಕ್ಕೆ ಕಾಣುವುದಿಲ್ಲ, ಅಷ್ಟೇ.

ನಂಟು ಎದ್ದು ಕಾಣುವ ಹೆಸರೂ ನಮ್ಮಲ್ಲಿದೆ. ಕಾರವಾರದ ಹತ್ತಿರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ. ಸೇನೆಯ ಎಂಜಿನಿಯರ್ ದಳದ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಭಾರತದ ಟ್ಯಾಂಕ್‌ಗಳು ಹೋಗಬೇಕಿತ್ತು. ದಾರಿ ತುಂಬ ನೆಲಬಾಂಬ್, ಅಡ್ಡ ಉರುಳಿಸಿದ ಮರಗಳು, ಮೇಲಿನಿಂದ ಗುಂಡು. ಗಾಯವಾಗಿದ್ದರೂ ರಾಣೆ ಹಗಲು ರಾತ್ರಿ ನೆಲಬಾಂಬ್ ತೆಗೆಯುತ್ತಾ, ಮರ ಸರಿಸುತ್ತಾ ಹೋದರು. ಒಂದು ಕಡೆಯಂತೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಒಳಗಿದ್ದ ಚಾಲಕನಿಗೆ ಹಗ್ಗ ಎಳೆದು ಸನ್ನೆ ಮಾಡುತ್ತಾ ಮುಂದೆ ಹೋದರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಅವರೇ ಮೊದಲಿಗರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರು ಬಂತು. ದ್ವೀಪ ಸರಿಯೇ. ಆದರೆ ದಾರಿ ಮಾಡಿಕೊಡುವುದನ್ನೇ ಯುದ್ಧವಾಗಿ ಮಾಡಿದ ಮನುಷ್ಯನಿಗೆ ರಸ್ತೆಗಿಂತ ಹೊಂದುವ ಸ್ಮಾರಕ ಯಾವುದಿದೆ?

ಮತ್ತೆ 401ಕ್ಕೆ. ಈ ಹೆಸರಿನ ಬಗ್ಗೆ ತಕರಾರು ಇರಲಿಲ್ಲ ಅಂತಲ್ಲ. ಅಫ್ಘಾನ್ ಯುದ್ಧ ಬೇಕಿತ್ತೇ ಎಂಬ ಬಗ್ಗೆ ಕೆನಡಾದಲ್ಲಿ ಒಮ್ಮತ ಇರಲಿಲ್ಲ. ‘ಹೀರೋ’ ಅಂದುಬಿಟ್ಟರೆ ಯುದ್ಧವನ್ನು ಪ್ರಶ್ನಿಸುವ ಬಾಯಿಗೆ ಬೀಗ ಹಾಕಿದಂತಲ್ಲವೇ ಅನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಸೇತುವೆ ಮೇಲೆ ನಿಂತವರೆಲ್ಲ ಯುದ್ಧಕ್ಕೆ ಹೂಂ ಅಂದವರು ಅಂತ ನಾನಂತೂ ತಿಳಿಯುವುದಿಲ್ಲ. ಸಾವಿನ ಮನೆಗೆ ಹೋಗುವವರು ವಾದ ಮಾಡಲು ಹೋಗುವುದಿಲ್ಲ.

ನನಗೆ ಜಾಸ್ತಿ ಚುಚ್ಚುವುದು ಇನ್ನೊಂದು ವಿಷಯ. ಹೆಸರಿಡುವ ಹಿಂದಿನ ವರ್ಷ, 2006ರ ಏಪ್ರಿಲ್ 1ರಿಂದ, ಗಾಯಗೊಂಡ ಸೈನಿಕರಿಗೆ ಬದುಕಿರುವಷ್ಟು ಕಾಲ ತಿಂಗಳು ತಿಂಗಳು ಬರುತ್ತಿದ್ದ ಪಿಂಚಣಿಯ ಬದಲು ಒಂದೇ ಸಲಕ್ಕೆ ಇಡಿಗಂಟು ಕೊಡುವ ಪದ್ಧತಿಯನ್ನು ಕೇಂದ್ರ ಸರ್ಕಾರ ತಂದಿತ್ತು. ಅಫ್ಘಾನಿಸ್ತಾನದಲ್ಲಿ ಕೈಕಾಲು ಕಳೆದುಕೊಂಡು ಬಂದವರಿಗೆ ಇದೇ ಗತಿ. ಮಾಜಿ ಸೈನಿಕರು ಕೋರ್ಟಿಗೆ ಹೋದರು. ಬೇಕಾದವರು ತಿಂಗಳ ಪಿಂಚಣಿ ಪಡೆಯಬಹುದು ಎಂದಾಗಲು 2019 ಬರಬೇಕಾಯಿತು. ಹೆಸರಿಟ್ಟಿದ್ದು ಪ್ರಾಂತ್ಯ, ಪಿಂಚಣಿ ಕಡಿದಿದ್ದು ಕೇಂದ್ರ, ಎರಡೂ ಬೇರೆ ಅನ್ನಬಹುದು. ಗಾಯಗೊಂಡು ಗಾಲಿಕುರ್ಚಿಯಲ್ಲಿ ಕೂತವನಿಗೆ ಎರಡೂ ‘ಸರ್ಕಾರ’ವೇ. ಫಲಕಕ್ಕೆ ಎರಡು ವಾರ ಸಾಕಾಯಿತು, ಪಿಂಚಣಿಗೆ ಹದಿಮೂರು ವರ್ಷ.

2014ರ ಮಾರ್ಚ್‌ನಲ್ಲಿ ಕೆನಡಾದ ಅಫ್ಘಾನ್ ಕಾರ್ಯಾಚರಣೆ ಮುಗಿಯಿತು. ಅಷ್ಟರಲ್ಲಿ 158 ಸೈನಿಕರು ಸತ್ತಿದ್ದರು. ಇನ್ನು ಆ ಸೇತುವೆಗಳಿಗೆ ಕೆಲಸ ಇಲ್ಲ ಅನ್ನಿಸಿತ್ತು.

ಅದೇ ವರ್ಷ ಅಕ್ಟೋಬರ್ 22. ಒಟ್ಟಾವಾದಲ್ಲಿ ಅಜ್ಞಾತ ಸೈನಿಕನ ಸಮಾಧಿಯ ಮುಂದೆ, 2000ದಲ್ಲಿ ವಿಮಿಯಿಂದ ತಂದ ಅದೇ ಸೈನಿಕನ ಸಮಾಧಿಯ ಮುಂದೆ, ಗೌರವ ಕಾವಲು ನಿಂತಿದ್ದ 24 ವರ್ಷದ ಕಾರ್ಪೊರಲ್ ನೇಥನ್ ಸಿರಿಲ್ಲೊ ಅವರನ್ನು ಬಂದೂಕುಧಾರಿಯೊಬ್ಬ ಕೊಂದ. ಸಿರಿಲ್ಲೊ ಊರು ಹ್ಯಾಮಿಲ್ಟನ್. ಎರಡು ದಿನದ ನಂತರ ಅವರ ಶರೀರವನ್ನು ರಸ್ತೆಯಲ್ಲೇ ಮನೆಗೆ ಕಳಿಸಿದರು. ಮೊದಲು 416ನೇ ಹೆದ್ದಾರಿ. ಅದಕ್ಕೂ ಒಂದು ಹೆಸರಿದೆ, ವೆಟರನ್ಸ್ ಮೆಮೋರಿಯಲ್ ಹೈವೇ ಅಂತ. ಆಮೇಲೆ 401. ಮಧ್ಯಾಹ್ನ ಹೊರಟ ವಾಹನಗಳು ಹ್ಯಾಮಿಲ್ಟನ್ ಮುಟ್ಟುವಾಗ ರಾತ್ರಿಯಾಗಿತ್ತು. ಟ್ರೆಂಟನ್ ದಾಟಿ ಮುಂದಕ್ಕೆ ಸೇತುವೆ ಸೇತುವೆಯ ಮೇಲೂ ಜನ, ಬಾವುಟ, ಅಗ್ನಿಶಾಮಕ ಗಾಡಿಗಳ ಕೆಂಪು ದೀಪ.